ಡಿಸ್ಕ್ ಬದಲಿಸಿದಿರಾ? ಹಳೆಯದನ್ನು ಮುಟ್ಟಬೇಡಿ

ಹೊಸ ಎಸ್‌ಎಸ್‌ಡಿ ಹಾಕಿಸಿ ಸ್ವಿಚ್ ಒತ್ತಿದಿರಿ, ಕರಿ ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಅಂತ ಬಿಳಿ ಅಕ್ಷರ ಬಂತು. ಎದೆ ಧಸಕ್ಕೆಂದಿರಬೇಕು. ಕೂತುಕೊಳ್ಳಿ, ಒಂದು ಲೋಟ ನೀರು ಕುಡಿಯಿರಿ. ಆ ಸಾಲಿನ ಅರ್ಥ ಇಷ್ಟೇ: ಎಲ್ಲಿಂದ ಶುರು ಮಾಡಬೇಕೋ ಯಂತ್ರಕ್ಕೆ ಗೊತ್ತಾಗಿಲ್ಲ. ಮಗಳ ಮದುವೆಯ ಫೋಟೋ, ಅಂಗಡಿಯ ಲೆಕ್ಕ, ಮನೆಯ ಪತ್ರಗಳ ಸ್ಕ್ಯಾನು, ಒಂದೂ ಅಳಿಸಿಹೋಗಿಲ್ಲ. ಡಿಸ್ಕ್ ಬದಲಿಸಿದಾಗ ಬೂಟ್ ಕೈಕೊಡುವುದು ಮಾಮೂಲು. ಡೇಟಾ ಹೋಗುವುದು ಆಮೇಲಿನ ಅರ್ಧ ಗಂಟೆಯಲ್ಲಿ, ಗಾಬರಿಬಿದ್ದು ಸಿಕ್ಕ ಸಿಕ್ಕ ಗುಂಡಿ ಒತ್ತಿದಾಗ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಮಾತು ಈಗ ಹೇಳುವುದಕ್ಕೆ ಕಾರಣವಿದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಮಲ್ಲೇಶ್ವರದ ಸಂಪಿಗೆ ರಸ್ತೆಯ ಆಚೀಚೆ ಅಡ್ಡರಸ್ತೆಗಳ ಮನೆಗಳಲ್ಲಿ, ಮಹಡಿ ಮೇಲಿನ ಡಿಟಿಪಿ ಅಂಗಡಿಗಳಲ್ಲಿ, ಆಡಿಟರ್ ಆಫೀಸುಗಳಲ್ಲಿ ಹಳೇ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿ ಇನ್ನಷ್ಟು ವರ್ಷ ತಳ್ಳೋಣ ಅನ್ನುವ ಮಾತು ಕೇಳುತ್ತಲೇ ಇದೆ. ಒಳ್ಳೆಯ ಯೋಚನೆಯೇ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಹಳೇ ಯಂತ್ರವೂ ಚುರುಕಾಗುತ್ತದೆ. ಆದರೆ ಡಿಸ್ಕ್ ಬದಲಿಸಿದ ಮಾತ್ರಕ್ಕೆ ವಿಂಡೋಸ್ 11 ಕೂರುತ್ತದೆ ಅಂದುಕೊಳ್ಳಬೇಡಿ. ಅದಕ್ಕೆ ಟಿಪಿಎಂ 2.0, ಯುಇಎಫ್‌ಐ ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್ ಬೇಕು. ಅದನ್ನು ಮೊದಲೇ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಂಚೆ ಒಂದು ಕೆಲಸ. ಬಿಚ್ಚಿದ ಹಳೇ ಡಿಸ್ಕ್ ಎಲ್ಲಿದೆ? ಮೇಜಿನ ಮೇಲೆ ಕಾಫಿ ಲೋಟದ ಪಕ್ಕ ಬಿದ್ದಿದೆ ತಾನೇ? ಎತ್ತಿ, ಒಂದು ಕವರಿಗೆ ಹಾಕಿ, ಮೇಲೆ ಇವತ್ತಿನ ತಾರೀಕು ಬರೆದು ಬೀರುವಿನಲ್ಲಿಡಿ. ಕನಿಷ್ಠ ಎರಡು ತಿಂಗಳು ಅದು ಅಲ್ಲೇ ಇರಲಿ. ಬದಲಿಸಿದ ದಿನವೇ ಹಳೇ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ, ಫಾರ್ಮ್ಯಾಟ್ ಹೊಡೆದು, ಸಿನಿಮಾ ತುಂಬಿಸಿಕೊಳ್ಳುವ ಆಸೆ ಹುಡುಗರಿಗೆ ಇರುತ್ತದೆ. ಬಿಡಬೇಡಿ. ಹಳೇದು ಹಾಗೇ ಉಳಿದಿದ್ದರೆ ಹೊಸದರಲ್ಲಿ ಏನೇ ಕೆಟ್ಟರೂ ಮತ್ತೆ ಮೊದಲಿನಿಂದ ಶುರು ಮಾಡಬಹುದು. ಅದೇ ಹೋದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಗುತ್ತದೆ.

ಇನ್ನೂ ಡಿಸ್ಕ್ ಕೊಂಡಿಲ್ಲದವರು ಇದನ್ನು ಕೇಳಿ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್ ಆದ ಮೇಲೆ ಚಿಕ್ಕಪೇಟೆ, ಅಲ್ಲಿಂದ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ನಡೆದೇ ಹೋಗಬಹುದು. ಹೋಗುವುದು ಸುಲಭ ಅಂತ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಲ್ಯಾಪ್‌ಟಾಪಿನ ಅಥವಾ ಮದರ್‌ಬೋರ್ಡಿನ ಮಾಡೆಲ್ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಹಳ ಜನ ಎಡವುವುದು ಎಂ.2 ಅನ್ನುವ ತೆಳು ಪಟ್ಟಿಯಂಥ ಡಿಸ್ಕಿನಲ್ಲಿ. ನೋಡಲು ಒಂದೇ ಥರ, ಆದರೆ ಅದರಲ್ಲಿ ಸಾಟಾ ಬೇರೆ, ಎನ್‌ವಿಎಂಇ ಬೇರೆ. ಸಾಟಾ ಮಾತ್ರ ಒಪ್ಪುವ ಜಾಗಕ್ಕೆ ಎನ್‌ವಿಎಂಇ ಹಾಕಿದರೆ ಯಂತ್ರದ ಕಣ್ಣಿಗೇ ಅದು ಬೀಳುವುದಿಲ್ಲ. ಕೆಲವು ಹಳೇ ಬೋರ್ಡುಗಳಲ್ಲಿ ಎನ್‌ವಿಎಂಇ ಕಾಣುತ್ತದೆ, ಆದರೆ ಅದರಿಂದ ಬೂಟ್ ಆಗುವುದಿಲ್ಲ. ಹಳೇ ಡೆಸ್ಕ್‌ಟಾಪಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸಾಕು, ತಲೆನೋವಿಲ್ಲ. ಸೀರಿಯಲ್ ನಂಬರ್ ಬರೆದಿರುವ ಬಿಲ್ಲು ಕೇಳಿ ಪಡೆಯಿರಿ, ವಾರಂಟಿಗೆ ಅದು ಬೇಕು. ನಂಬಲಾರದಷ್ಟು ಅಗ್ಗಕ್ಕೆ ಹತ್ತು ಹದಿನೈದು ಟೆರಾಬೈಟ್ ಕೊಡುತ್ತೇನೆ ಅಂದವರ ಹತ್ತಿರ ನಿಲ್ಲಲೂ ಬೇಡಿ. ಹಳೇ ಡಿಸ್ಕಿನಲ್ಲಿ 600 ಜಿಬಿ ತುಂಬಿಟ್ಟುಕೊಂಡು 256 ಜಿಬಿಯ ಹೊಸದನ್ನು ತಂದು ಹಿಡಿಸುತ್ತಿಲ್ಲ ಅಂತ ಗೊಣಗುವುದೂ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಬಿಚ್ಚುವ ಮುಂಚೆ ಇನ್ನೊಂದು ಸಂಗತಿ ಇದೆ, ಇದನ್ನು ಮರೆತವರ ಪಾಡು ಬೇಡ. ಈಚಿನ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎನ್ನುವ ಬೀಗ ನಿಮಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ. ಡಿಸ್ಕ್ ಬದಲಿಸಿದಾಗ, ಯಂತ್ರ ಏಳುವಾಗಿನ ಸೆಟಿಂಗ್ ಇರುವ ಬಯಾಸ್‌ನಲ್ಲಿ ಏನಾದರೂ ತಿರುವಿದಾಗ ಅದು ಎದ್ದು ಕೂತು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಯಾವ ಜಾಣನೂ ಆ ಡಿಸ್ಕ್ ತೆರೆಯಲಾರ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಹೋಗಿ ಆ ಕೀ ಇದೆಯೇ ನೋಡಿ, ಕಾಗದದ ಮೇಲೆ ಬರೆದಿಡಿ. ಅದೇ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಉಳಿಸಿಟ್ಟು ಎಲ್ಲಾ ಭದ್ರವಾಗಿದೆ ಅಂತ ಹೇಳಬೇಡಿ. ಹಳೇ ಡಿಸ್ಕನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡುವ, ಅಂದರೆ ಕ್ಲೋನ್ ಮಾಡುವ ಮೊದಲು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿದರೆ ಯಂತ್ರ ಪೂರ್ತಿ ನಿಲ್ಲುತ್ತದೆ. ಬರೀ ಶಟ್‌ಡೌನ್ ಅಂದರೆ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಮೋಡ ಕವಿದ ಸಂಜೆ ಕ್ಲೋನಿಂಗ್ ಶುರು ಮಾಡಬೇಡಿ. ಮಲ್ಲೇಶ್ವರದಲ್ಲಿ ಮರದ ಕೊಂಬೆ ತಂತಿಗೆ ತಾಗಿದರೆ ಕರೆಂಟು ಹೋಯಿತು. ಯುಪಿಎಸ್ ಇದ್ದರೆ ಸರಿ, ಇಲ್ಲದಿದ್ದರೆ ಬೆಳಿಗ್ಗೆ ಕೂತು ಮಾಡಿ.

ಈಗ ಕರಿ ಪರದೆಗೆ ಬರೋಣ. ಅದರ ಮೇಲೆ ಏನು ಬರೆದಿದೆಯೋ ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ‘ಏನೋ ಎರರ್ ಬಂತು’ ಅಂದರೆ ಯಾರೂ ಸಹಾಯ ಮಾಡಲಾರರು. ಆಮೇಲೆ ಬಯಾಸ್ ತೆರೆಯಿರಿ. ಡೆಲ್ ಆದರೆ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2. ಸ್ವಿಚ್ ಒತ್ತಿದ ತಕ್ಷಣ ಆ ಗುಂಡಿಯನ್ನು ಮೇಲಿಂದ ಮೇಲೆ ತಟ್ಟುತ್ತಿರಿ. ಒಳಗೆ ಹೋದ ಮೇಲೆ ಏನನ್ನೂ ಬದಲಿಸಬೇಡಿ, ಬರೀ ನೋಡಿ. ಹೊಸ ಡಿಸ್ಕಿನ ಹೆಸರು ಪಟ್ಟಿಯಲ್ಲಿದೆಯೇ?

ಇಲ್ಲವಾದರೆ ತೊಂದರೆ ವಿಂಡೋಸಿನದಲ್ಲ, ಜೋಡಣೆಯದು. ಯಂತ್ರ ಆರಿಸಿ, ಪ್ಲಗ್ ಕಿತ್ತು, ಲ್ಯಾಪ್‌ಟಾಪಾದರೆ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿ, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಇಳಿಸಿಕೊಂಡು ಒಳಗೆ ಕೈ ಹಾಕಿ. ಸಾಟಾದಲ್ಲಿ ಎರಡು ಕೇಬಲ್, ಒಂದು ಡೇಟಾಕ್ಕೆ, ಇನ್ನೊಂದು ಕರೆಂಟಿಗೆ. ಡೇಟಾ ಕೇಬಲ್ ಸಡಿಲವಾಗುವುದೇ ಹೆಚ್ಚು. ಬೇರೆ ಕೇಬಲ್ ಹಾಕಿ, ಬೇರೆ ಪೋರ್ಟಿಗೆ ಹಾಕಿ ನೋಡಿ. ಎಂ.2 ಪಟ್ಟಿಯನ್ನು ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ತುದಿಯ ಪುಟ್ಟ ತಿರುಪು ಹಾಕಬೇಕು. ಆ ತಿರುಪು ಕಳೆದುಹೋಯಿತು ಅಂತ ಟೇಪು ಅಂಟಿಸಬೇಡಿ.

ಡಿಸ್ಕ್ ಕಾಣುತ್ತಿದೆ, ಆದರೂ ಬೂಟ್ ಆಗುತ್ತಿಲ್ಲ ಅಂದರೆ ಬೂಟ್ ಆರ್ಡರ್ ನೋಡಿ. ಎಷ್ಟೋ ಸಲ ಯಂತ್ರ ಇಲ್ಲದ ಹಳೇ ಡಿಸ್ಕನ್ನೋ ಚುಚ್ಚಿಟ್ಟು ಮರೆತ ಪೆನ್‌ಡ್ರೈವನ್ನೋ ಹುಡುಕುತ್ತಿರುತ್ತದೆ. ಹೊಸದನ್ನು ಮೇಲಕ್ಕೆ ತಂದು ಸೇವ್ ಮಾಡಿ.

ಅದೂ ಸರಿಯಿದ್ದರೆ ಸ್ವಲ್ಪ ಇತಿಹಾಸ ತಿಳಿದಿರಬೇಕು. ಡಿಸ್ಕಿನ ಮೊದಲ 512 ಬೈಟಿನಲ್ಲಿ ಬೂಟ್ ಮಾಡುವ ತುಣುಕನ್ನೂ ಪಾರ್ಟಿಷನ್ ಪಟ್ಟಿಯನ್ನೂ ತುರುಕಿಡುವ ಎಂಬಿಆರ್ ಪದ್ಧತಿ 1983ರದ್ದು. ನಾಲ್ಕು ಪ್ರೈಮರಿ ಪಾರ್ಟಿಷನ್‌ಗಿಂತ ಹೆಚ್ಚು ಅದಕ್ಕೆ ಆಗದು, ಎರಡು ಟೆರಾಬೈಟ್‌ಗಿಂತ ದೊಡ್ಡ ಡಿಸ್ಕ್ ಪೂರ್ತಿ ಸಿಕ್ಕದು. ಆಮೇಲೆ ಬಂದದ್ದು ಜಿಪಿಟಿ. ಬಯಾಸ್‌ನಲ್ಲಿ ‘ಲೆಗಸಿ’ ಅಥವಾ ‘ಸಿಎಸ್‌ಎಂ’ ಅಂತ ಕಂಡರೆ ಅದು ಹಳೇ ಎಂಬಿಆರ್‌ಗೆ, ‘ಯುಇಎಫ್‌ಐ’ ಅಂತ ಇದ್ದರೆ ಜಿಪಿಟಿಗೆ. ವಿಂಡೋಸ್ ಈ ವಿಷಯದಲ್ಲಿ ಹಟಮಾರಿ: ಎಂಬಿಆರ್ ಡಿಸ್ಕಿನಿಂದ ಯುಇಎಫ್‌ಐನಲ್ಲಿ ಏಳುವುದಿಲ್ಲ, ಜಿಪಿಟಿ ಡಿಸ್ಕಿನಿಂದ ಲೆಗಸಿಯಲ್ಲಿ ಏಳುವುದಿಲ್ಲ. ಹಳೇ ಡಿಸ್ಕ್ ಎಂಬಿಆರ್ ಆಗಿದ್ದರೆ ಅದರ ಪೂರ್ತಿ ಪಡಿಯಚ್ಚೂ ಎಂಬಿಆರ್ ಆಗಿರುತ್ತದೆ. ಆದ್ದರಿಂದ ಮೊದಲು ಯಾವ ಮೋಡ್ ಇತ್ತೋ ಅದೇ ಇರಲಿ. ವಿಂಡೋಸ್ 11ಕ್ಕಾಗಿ ಜಿಪಿಟಿಗೆ ಹೋಗಲೇಬೇಕಾದರೆ ‘ಎಂಬಿಆರ್ ಟು ಜಿಪಿಟಿ’ ಎನ್ನುವ ಸಾಧನ ವಿಂಡೋಸಿನಲ್ಲೇ ಇದೆ, ಡೇಟಾ ಅಳಿಸದೆ ಬದಲಿಸುತ್ತದೆ. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಒಪ್ಪುವುದಿಲ್ಲ. ಮೊದಲು ‘ವ್ಯಾಲಿಡೇಟ್’ ಮಾಡಿ ನೋಡಿ, ಸೈ ಅಂದರೆ ಮಾತ್ರ ‘ಕನ್ವರ್ಟ್’. ಬದಲಾದ ಮೇಲೆ ಬಯಾಸ್‌ನಲ್ಲೂ ಯುಇಎಫ್‌ಐಗೆ ತಿರುಗಿಸಬೇಕು.

ಈಗ ಅತಿ ಹೆಚ್ಚು ಜನರನ್ನು ಕಾಡುವ ತೊಡಕಿಗೆ ಬಂದೆ. ‘ಸಿ ಡ್ರೈವ್ ಪೂರ್ತಿ ಕಾಪಿ ಮಾಡಿದೆ, ಹಳೇದು ಸಿಕ್ಕಿಸಿದ್ದಾಗ ನಡೆಯುತ್ತಿತ್ತು, ತೆಗೆದ ಕೂಡಲೇ ನಿಂತುಹೋಯಿತು’ ಅನ್ನುತ್ತೀರಲ್ಲ, ಅದು. ವಿಂಡೋಸನ್ನು ಎಬ್ಬಿಸುವ ಕಡತ ಸಿ ಡ್ರೈವಿನಲ್ಲಿ ಇರುವುದಿಲ್ಲ. ಯುಇಎಫ್‌ಐ ಯಂತ್ರಗಳಲ್ಲಿ ಅದು ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎನ್ನುವ, ಸಾಮಾನ್ಯವಾಗಿ ಬರೀ 100 ಎಂಬಿಯ ಬೇರೆ ಕೋಣೆಯಲ್ಲಿ ಇರುತ್ತದೆ. ‘ದಿಸ್ ಪಿಸಿ’ಯಲ್ಲಿ ಅದು ಕಾಣುವುದೇ ಇಲ್ಲ. ಸಾಮಾನೆಲ್ಲ ಹೊಸ ಮನೆಗೆ ಸಾಗಿಸಿ ಬೀಗದಕೈಯನ್ನು ಹಳೇ ಮನೆಯ ಗೂಟಕ್ಕೇ ಬಿಟ್ಟು ಬಂದರೆ ಹೇಗೋ ಹಾಗೆ ಆಗಿದೆ ನಿಮ್ಮದು. ಹಳೇ ಡಿಸ್ಕ್ ಸಿಕ್ಕಿಸಿಕೊಂಡೇ ಹೊಸದರಲ್ಲಿ ವಿಂಡೋಸ್ ಹಾಕಿಸಿದರೂ ಇದೇ ಗತಿ. ಹಳೇದರಲ್ಲಿ ಆ ಕೋಣೆ ಇರುವುದನ್ನು ಕಂಡು ಸೆಟಪ್ ಅಲ್ಲೇ ಬರೆದುಬಿಡುತ್ತದೆ. ಅದಕ್ಕೇ ಹೊಸದಾಗಿ ಹಾಕುವಾಗ ಹಳೇ ಡಿಸ್ಕ್ ಕಿತ್ತಿಡಿ, ಕ್ಲೋನ್ ಮಾಡುವಾಗ ಸಿ ಡ್ರೈವ್ ಅಂತ ಆರಿಸದೆ ಇಡೀ ಡಿಸ್ಕ್ ಅಂತ ಆರಿಸಿ, ಕ್ಲೋನ್ ಆದ ಮೇಲೆ ಮೊದಲ ಸಲ ಹೊಸದೊಂದನ್ನೇ ಇಟ್ಟು ಬೂಟ್ ಮಾಡಿ. ಎರಡೂ ಒಂದೇ ಗುರುತಿನವಾದ್ದರಿಂದ ಒಟ್ಟಿಗಿದ್ದರೆ ವಿಂಡೋಸ್ ತಬ್ಬಿಬ್ಬಾಗಿ ಒಂದನ್ನು ಆಫ್‌ಲೈನ್ ಮಾಡುತ್ತದೆ.

ಆಗಲೇ ಹೀಗಾಗಿದ್ದರೆ ಉಪಾಯವಿದೆ. ಇನ್ನೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ವಿಂಡೋಸ್ ಸೆಟಪ್ ಹಾಕಿಕೊಳ್ಳಿ. ಅದರಿಂದ ಬೂಟ್ ಮಾಡಿ. ಅಲ್ಲಿ ‘ಇನ್‌ಸ್ಟಾಲ್’ ಒತ್ತಬೇಡಿ, ‘ರಿಪೇರ್’ ಅನ್ನುವುದನ್ನು ಹುಡುಕಿ. ಮೊದಲು ಸ್ಟಾರ್ಟಪ್ ರಿಪೇರ್ ನಡೆಸಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ‘ಡಿಸ್ಕ್‌ಪಾರ್ಟ್’ ಅಂತ ಟೈಪ್ ಮಾಡಿ, ಆಮೇಲೆ ‘ಲಿಸ್ಟ್ ಡಿಸ್ಕ್’. ಪಟ್ಟಿಯ ಕೊನೆಯಲ್ಲಿ ‘ಜಿಪಿಟಿ’ ಅನ್ನುವ ಕಂಬದ ಕೆಳಗೆ ನಕ್ಷತ್ರದ ಗುರುತಿದ್ದರೆ ಆ ಡಿಸ್ಕ್ ಜಿಪಿಟಿ, ಇಲ್ಲದಿದ್ದರೆ ಎಂಬಿಆರ್. ‘ಲಿಸ್ಟ್ ವಾಲ್ಯೂಮ್’ ಕೊಟ್ಟರೆ ಫ್ಯಾಟ್32 ಅಂತ ಬರೆದ ಪುಟ್ಟ ಪಾರ್ಟಿಷನ್ ಕಾಣುತ್ತದೆಯೇ ನೋಡಿ. ಪೆನ್‌ಡ್ರೈವೂ ಫ್ಯಾಟ್32 ಇರಬಹುದು, ಗಾತ್ರ ನೋಡಿ ಗುರುತಿಸಿ. ಅದನ್ನು ಆರಿಸಿ ‘ಅಸೈನ್’ ಮಾಡಿ ಒಂದು ಅಕ್ಷರ ಕೊಡಿ, ಹೊರಗೆ ಬಂದು ‘ಬಿಸಿಡಿಬೂಟ್’ ಆಜ್ಞೆಗೆ ವಿಂಡೋಸ್ ಫೋಲ್ಡರಿನ ದಾರಿಯನ್ನೂ ಆ ಅಕ್ಷರವನ್ನೂ ಕೊಟ್ಟರೆ ಬೂಟ್ ಕಡತಗಳನ್ನು ಅದು ಹೊಸದಾಗಿ ಬರೆಯುತ್ತದೆ. ರಿಪೇರಿ ಪರದೆಯಲ್ಲಿ ಸಿ ಡ್ರೈವ್ ಕೆಲವು ಸಲ ಡಿ ಅಂತಲೋ ಇ ಅಂತಲೋ ಕಾಣುತ್ತದೆ. ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆ ಅಂತ ನೋಡದೆ ಎಂಟರ್ ಒತ್ತಬೇಡಿ. ಫ್ಯಾಟ್32 ಪಾರ್ಟಿಷನ್ನೇ ಇಲ್ಲವಾದರೆ ಹೊಸದಾಗಿ ಮಾಡಲು ಹೋಗುವುದಕ್ಕಿಂತ ಹಳೇ ಡಿಸ್ಕಿನಿಂದ ಮತ್ತೊಮ್ಮೆ ಪೂರ್ತಿ ಕ್ಲೋನ್ ಮಾಡುವುದು ಸುಲಭ. ಬೀರುವಿನಲ್ಲಿಡಿ ಅಂದದ್ದು ಇದಕ್ಕೇ.

ಡಿಸ್ಕ್‌ಪಾರ್ಟ್ ಒಳಗೆ ಒಂದು ಪದ ಮಾತ್ರ ಬಾಯಲ್ಲೂ ಆಡಬೇಡಿ: ‘ಕ್ಲೀನ್’. ಹೆಸರು ಕೇಳಿದರೆ ಗುಡಿಸಿ ಒರೆಸಿ ಕೊಡುತ್ತದೆ ಅನ್ನಿಸುತ್ತದೆ. ಅದು ಇಡೀ ಪಾರ್ಟಿಷನ್ ಪಟ್ಟಿಯನ್ನೇ ಅಳಿಸುತ್ತದೆ, ‘ಖಂಡಿತವೇ?’ ಅಂತ ಕೇಳುವುದೂ ಇಲ್ಲ. ಹಾಗೆಯೇ ಹಳೇ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದಾಗ ‘ಫಾರ್ಮ್ಯಾಟ್ ಮಾಡಬೇಕು’ ಅಂತಲೋ ‘ಇನಿಷಿಯಲೈಸ್ ಮಾಡಬೇಕು’ ಅಂತಲೋ ಪೆಟ್ಟಿಗೆ ಬಂದರೆ ಕ್ಯಾನ್ಸಲ್ ಒತ್ತಿ. ಅಂಗಡಿಯಿಂದ ಬಂದ ಖಾಲಿ ಡಿಸ್ಕಿಗೆ ಹೂಂ ಅನ್ನಬಹುದು. ನಿಮ್ಮ ಡೇಟಾ ಇರುವುದಕ್ಕೆ ಹೂಂ ಅನ್ನಬಾರದು. ಓದದೆ ಓಕೆ ಒತ್ತುವ ಚಾಳಿ ಇದೆಯಲ್ಲ ನಿಮಗೆ, ಅದನ್ನು ಇವತ್ತಿಗೆ ಬಿಡಿ.

ಕರಿ ಪರದೆಯ ಬದಲು ನೀಲಿ ಪರದೆ ಬಂದು ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂದರೆ ಕಥೆ ಬೇರೆ. ವಿಂಡೋಸ್ ಎದ್ದಿದೆ, ಆದರೆ ಡಿಸ್ಕಿನ ಜೊತೆ ಮಾತಾಡುವ ಡ್ರೈವರ್ ಸಿಕ್ಕಿಲ್ಲ. ಯಾರಾದರೂ ಬಯಾಸ್‌ನಲ್ಲಿ ಸಾಟಾ ಮೋಡನ್ನು ಎಎಚ್‌ಸಿಐನಿಂದ ರೇಡ್‌ಗೋ ರೇಡ್‌ನಿಂದ ಎಎಚ್‌ಸಿಐಗೋ ತಿರುಗಿಸಿದ್ದಾರೆಯೇ ಕೇಳಿ. ಮೊದಲಿದ್ದಂತೆ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಯಾರೂ ಮುಟ್ಟಿಲ್ಲ, ಸಾಟಾದಿಂದ ಎನ್‌ವಿಎಂಇಗೆ ಬಂದದ್ದಕ್ಕೇ ಹೀಗಾಗಿದೆ ಅಂದರೆ ಒಂದು ಸಲ ಸೇಫ್ ಮೋಡಿನಲ್ಲಿ ಎಬ್ಬಿಸಿ ನೋಡಿ. ಬೇಕಾದ ಡ್ರೈವರನ್ನು ಅದು ಜೋಡಿಸಿಕೊಂಡರೆ ಮುಂದಿನ ಸಲ ಸರಾಗವಾಗಿ ಏಳುತ್ತದೆ.

ಇನ್ನು ಕೆಲವರ ಮನೆಯಲ್ಲಿ ಸಂಜೆ ಸರಿಮಾಡಿದ್ದು ಬೆಳಿಗ್ಗೆ ಮತ್ತೆ ಕೆಟ್ಟಿರುತ್ತದೆ. ಬಯಾಸ್ ತೆರೆದು ಅಲ್ಲಿನ ತಾರೀಕು ನೋಡಿ. ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಪ್ಲಗ್ ಕಿತ್ತ ಕೂಡಲೇ ನೀವು ಬಯಾಸ್‌ನಲ್ಲಿ ಮಾಡಿದ್ದೆಲ್ಲ ಮರೆತುಹೋಗುತ್ತದೆ, ಲೆಗಸಿ ಇದ್ದದ್ದು ಯುಇಎಫ್‌ಐ ಆಗಿ ಕೂರುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ಸಿಆರ್2032, 3 ವೋಲ್ಟಿನದು. ಎಂಟನೇ ಅಡ್ಡರಸ್ತೆಗೆ ಹೂವು ತರಲು ಹೋದಾಗ ಯಾವುದಾದರೂ ಗಡಿಯಾರದ ಅಂಗಡಿಯಲ್ಲಿ ಕೇಳಿ ತನ್ನಿ. ಹಾಕುವಾಗ ಪ್ಲಸ್ ಗುರುತು ಮೇಲಿರಲಿ. ಇಷ್ಟು ಸಣ್ಣ ವಸ್ತುವಿಗಾಗಿ ಹೊಸ ಡಿಸ್ಕನ್ನೇ ಕೆಟ್ಟದ್ದು ಅಂತ ಅಂಗಡಿಗೆ ವಾಪಸು ಹೊತ್ತವರಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬೂಟ್ ಆಯಿತು ಅನ್ನಿ. ಅಲ್ಲಿಗೆ ಎದ್ದು ಹೋಗಬೇಡಿ, ಕನ್ನಡದ ಕಡತಗಳನ್ನು ತೆರೆದು ನೋಡಿ. ಕ್ಲೋನ್ ಮಾಡದೆ ಹೊಸದಾಗಿ ವಿಂಡೋಸ್ ಹಾಕಿಸಿದ್ದರೆ ಮದುವೆ ಆಹ್ವಾನ ಪತ್ರಿಕೆ, ಸಂಘದ ವರದಿ, ಅಜ್ಜಿಯ ಹಾಡುಗಳ ಸಂಗ್ರಹ ಎಲ್ಲವೂ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ ಕಲಸಿದಂತೆ ಕಾಣಬಹುದು. ‘ಫೈಲ್ ಕರಪ್ಟ್ ಆಯಿತು’ ಅಂತ ಅಳಿಸಿಬಿಡುವವರೇ, ನಿಲ್ಲಿ! ಅದು ಕೆಟ್ಟಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಇವುಗಳಲ್ಲಿ ಯುನಿಕೋಡ್ ಬಳಕೆಗೆ ಬರುವ ಮುಂಚೆ ಟೈಪ್ ಮಾಡಿದ ಪಠ್ಯವೆಲ್ಲ ಫಾಂಟನ್ನೇ ನೆಚ್ಚಿಕೊಂಡಿತ್ತು. ಇಂಗ್ಲಿಷ್ ಅಕ್ಷರದ ಸಂಕೇತವನ್ನೇ ಇಟ್ಟು, ಮೇಲೆ ಕನ್ನಡದ ಆಕಾರ ತೋರಿಸುತ್ತಿದ್ದವು ಆ ಫಾಂಟುಗಳು. ಹೊಸ ಡಿಸ್ಕಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಎಲ್ಲಿ ಸಿಗುತ್ತದೆ ಅಂತ ಹುಡುಕಲು ಹೊರಡಬೇಡಿ, ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾದೀತು. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ ‘ಫಾಂಟ್ಸ್’ ಅಂತ ಇದೆ. ನುಡಿಯವೂ ಬರಹದವೂ ಅಲ್ಲಿಯೇ ಇವೆ. ಹಳೇ ಡಿಸ್ಕಿಗೆ ಏನನ್ನೂ ಬರೆಯದೆ, ಅಲ್ಲಿಂದ ನಕಲು ಮಾತ್ರ ಮಾಡಿಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿ. ಅಕ್ಷರಗಳು ಸರಿಯಾಗಿ ಕಂಡ ಮೇಲೆ ಪುರುಸೊತ್ತಿನಲ್ಲಿ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಅದನ್ನೂ ನಕಲು ಪ್ರತಿಯ ಮೇಲೆಯೇ ಮಾಡಿ. ಒತ್ತಕ್ಷರಗಳೂ ಅರ್ಕಾವತ್ತೂ ಸರಿಯಾಗಿ ಬಂದಿವೆಯೇ ಕಣ್ಣಾಡಿಸಿ.

ಅಂಗಡಿ ಇಟ್ಟವರಿಗೆ ಟ್ಯಾಲಿ ಉಂಟು. ಟ್ಯಾಲಿಯನ್ನು ಮತ್ತೆ ಹಾಕಿದರೆ ಲೆಕ್ಕ ತಾನೇ ಬರುವುದಿಲ್ಲ, ಡೇಟಾ ಫೋಲ್ಡರನ್ನು ಹಳೇ ಡಿಸ್ಕಿನಿಂದ ತಂದು ಅದರ ದಾರಿ ತೋರಿಸಬೇಕು. ಜಿಎಸ್‌ಟಿ ರಿಟರ್ನ್ ಹಾಕುವ ಹಿಂದಿನ ರಾತ್ರಿ ಡಿಸ್ಕ್ ಬದಲಿಸುವ ಸಾಹಸವಂತೂ ಬೇಡ.

ಇಷ್ಟೆಲ್ಲ ನಿಮ್ಮ ಕೈಲಾಗದಿದ್ದರೆ ರಿಪೇರಿಯವರ ಹತ್ತಿರ ಹೋಗಿ, ಅದರಲ್ಲಿ ಅವಮಾನವೇನಿಲ್ಲ. ಈ ಊರಲ್ಲಿ ಒಳ್ಳೆಯ ಕೈಗಳಿಗೆ ಬರವಿಲ್ಲ. ಆದರೆ ಹಳೇ ಡಿಸ್ಕ್ ಮನೆಯಲ್ಲೇ ಬಿಟ್ಟು ಹೊಸದರ ಜೊತೆ ಯಂತ್ರ ಮಾತ್ರ ಒಯ್ಯಿರಿ. ಪರದೆಯ ಫೋಟೋ ತೋರಿಸಿ, ಯಾವ ದಿನ ಏನು ಬದಲಿಸಿದಿರಿ ಅಂತ ಹೇಳಿ, ‘ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಅಂತ ಚೀಟಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ. ‘ಫಾರ್ಮ್ಯಾಟ್ ಹೊಡೆದರೆ ಎಲ್ಲಾ ಸರಿಹೋಗುತ್ತೆ’ ಅಂದ ತಕ್ಷಣ ತಲೆಯಾಡಿಸಿದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರ ಸಾಲಿಗೆ ಸೇರುತ್ತೀರಿ. ಯಾಕೆ, ಬೂಟ್ ಪಾರ್ಟಿಷನ್ ನೋಡಿದಿರಾ, ಅಂತ ಒಂದು ಪ್ರಶ್ನೆ ಕೇಳಿ.

ಎರಡು ತಿಂಗಳು ಹೊಸದು ಸರಿಯಾಗಿ ನಡೆಯಿತು ಅಂದ ಮೇಲೆ ಹಳೇ ಡಿಸ್ಕಿನ ಗತಿ ನೋಡಿ. ಅದಕ್ಕೆ ಮುಂಚೆ ಒಂದು ಎಕ್ಸ್‌ಟರ್ನಲ್ ಡ್ರೈವ್ ತಂದು ಮುಖ್ಯವಾದದ್ದನ್ನೆಲ್ಲ ಅದರಲ್ಲಿ ಇಡಿ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಕಟಕಟ ಅಂತ ಸದ್ದು ಮಾಡುತ್ತದೆ, ಎಸ್‌ಎಸ್‌ಡಿ ಸದ್ದಿಲ್ಲದೆ ನಿಂತುಹೋಗಬಹುದು. ಹಳೇದನ್ನು ಗುಜರಿಗೆ ಹಾಗೇ ಹಾಕಬೇಡಿ, ಬ್ಯಾಂಕಿನ ಕಾಗದ, ಆಧಾರ್ ಸ್ಕ್ಯಾನು ಎಲ್ಲ ಅದರಲ್ಲಿವೆ. ‘ಕ್ವಿಕ್’ ಅನ್ನುವ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಆಗ ತಿರುಗುವ ಡಿಸ್ಕಿನ ಮೇಲೆಲ್ಲ ಸೊನ್ನೆ ಬರೆಯುತ್ತದೆ. ಡ್ರೈವ್ ಅಕ್ಷರ ಎರಡು ಸಲ ಓದಿ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಓದಿಸಿ, ಆಮೇಲೆ ಒತ್ತಿ. ದೊಡ್ಡ ಡಿಸ್ಕಾದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಮಧ್ಯದಲ್ಲಿ ನಿಲ್ಲಿಸಬೇಡಿ. ಪ್ರತಿ ಪಾರ್ಟಿಷನ್ನಿಗೂ ಹೀಗೆಯೇ ಮಾಡಿ, ಅಧಿಕೃತ ಇ-ತ್ಯಾಜ್ಯದವರಿಗೆ ಕೊಟ್ಟು ರಸೀದಿ ಬರೆಸಿಕೊಳ್ಳಿ.